ಗೃಹವಿಚಾರ: ಬಿಸಿನೀರಿನ ರಭಸವು ಕುಗ್ಗಿದಾಗ

ಪೂರ್ವದಲ್ಲಿ ನಮ್ಮ ಸೀಮೆಯ ಮನೆಗಳಲ್ಲಿ ಬಚ್ಚಲ ಒಲೆಯ ಮೇಲೆ ತಾಮ್ರದ ಹಂಡೆಯನ್ನು ಹೂಡಿ, ಕಾದ ನೀರನ್ನು ತಂಬಿಗೆಯಿಂದ ಮೊಗೆದು ಸ್ನಾನಮಾಡುವುದು ವಾಡಿಕೆಯಾಗಿದ್ದಿತು. ಬಾಯಿ ತೆರೆದ ಹಂಡೆಗೆ ಒತ್ತಡದ ಚಿಂತೆಯಿಲ್ಲ. ಈಗ ಹಳ್ಳಿಯ ಮನೆಗಳ ಮಾಳಿಗೆಗಳ ಮೇಲೆಯೂ ಸೂರ್ಯಶಾಖದಿಂದ ನೀರು ಕಾಯಿಸುವ ಸೋಲಾರ್ ಯಂತ್ರಗಳು ಕಾಣಬರುತ್ತವೆ. ಅವುಗಳೊಡನೆ ಒಂದು ಹೊಸ ತೊಂದರೆಯೂ ಮನೆಯನ್ನು ಹೊಕ್ಕಿದೆ. ಪೀಪಾಯಿಯ ತುಂಬ ನೀರು ಕಾದಿದ್ದರೂ ಬಚ್ಚಲ ನಲ್ಲಿಯಲ್ಲಿ ಅದು ನೂಲಿನಂತೆ ಸುರಿಯುತ್ತದೆ. ಆಗ ಗೃಹಸ್ಥರು ಯಂತ್ರವನ್ನೇ ದೂರಿ ವೃಥಾ ಹಣವನ್ನು ವ್ಯಯಮಾಡುವುದುಂಟು. ಮುಚ್ಚಬಾರದ ಕೊಳವೆಯನ್ನು ಮುಚ್ಚಿ ಅಪಾಯವನ್ನು ತಂದುಕೊಳ್ಳುವುದೂ ಉಂಟು. ಆದಕಾರಣ ಕಾರಣವನ್ನು ಕಂಡುಹಿಡಿಯುವ ಕ್ರಮವನ್ನು ಈ ತಿಂಗಳು ಅರಿಕೆಮಾಡುತ್ತೇವೆ.

ಮೊದಲು ಒತ್ತಡವು ಎಲ್ಲಿಂದ ಬರುತ್ತದೆಂಬುದನ್ನು ತಿಳಿಯಬೇಕು. ಗೊರೂರಿನಲ್ಲಿ ಹೇಮಾವತಿಗೆ 1979ರಲ್ಲಿ ಅಣೆಕಟ್ಟು ಪೂರ್ಣವಾದ ಮೇಲೆ, ಶೆಟ್ಟಿಹಳ್ಳಿಯ ಹಳೆಯ ರೋಸರಿ ಇಗರ್ಜಿಯು ಮಳೆಗಾಲದಲ್ಲಿ ಜಲಾಶಯದ ಹಿನ್ನೀರಿನಲ್ಲಿ ನಿಲ್ಲುವುದನ್ನು ವಾಚಕರು ಬಲ್ಲರು. ಇಗರ್ಜಿಯ ಬಳಿ ನೀರು ಮೊಣಕಾಲುದ್ದವಿದ್ದಾಗ ಅಲ್ಲಿನ ನೆಲದ ಮೇಲೆ ಮೊಣಕಾಲುದ್ದದ ನೀರಿನ ಒತ್ತಡವೇ ಹೊರತು, ಕಣ್ಣು ಹರಿಯುವ ತನಕ ಹರಡಿದ ಜಲರಾಶಿಯ ಒತ್ತಡವಲ್ಲ. ಅದೇ ನೀರು ಅಣೆಕಟ್ಟಿನ ಬುಡದಲ್ಲಿ ಆಳವಾಗಿರುವುದರಿಂದ ಅಲ್ಲಿ ಬಹು ಬಲವಾಗಿ ಒತ್ತುತ್ತದೆ. ಮನೆಯ ತೊಟ್ಟಿಗೂ ಇದೇ ನಿಯಮ. 10 ಮೀಟರ್ ಎತ್ತರದ ನೀರು ಒಂದು ಚದರ ಸೆಂಟಿಮೀಟರಿನ ಮೇಲೆ ಸುಮಾರು 1 ಕಿಲೋಗ್ರಾಂ ಭಾರವನ್ನು ಹೇರುತ್ತದೆ; ನಲ್ಲಿಗಿಂತ 3 ಮೀಟರ್ ಮೇಲಿರುವ ತೊಟ್ಟಿಯು ಅದರ ಮೂರನೆಯ ಒಂದು ಪಾಲಿಗಿಂತ ತುಸು ಕಡಿಮೆ. ತೊಟ್ಟಿಯನ್ನು ಎಷ್ಟು ದೊಡ್ಡದು ಮಾಡಿದರೂ ರಭಸವು ಹೆಚ್ಚದು, ಎತ್ತರಿಸಿದರೆ ಹೆಚ್ಚುವುದು. ಇಷ್ಟು ಅಲ್ಪವಾದ ಒತ್ತಡಕ್ಕೆ ಸಣ್ಣ ಅಡಚಣೆಯೂ ದೊಡ್ಡದೇ.

ಇನ್ನು ಪರೀಕ್ಷೆ. ಒಂದು ಬಕೀಟನ್ನು ತಣ್ಣೀರಿನ ನಲ್ಲಿಯಿಂದಲೂ, ಅದೇ ಬಚ್ಚಲಿನ ಬಿಸಿನೀರಿನ ನಲ್ಲಿಯಿಂದಲೂ ತುಂಬಿ, ಗಡಿಯಾರವನ್ನು ನೋಡಿ ಹೊತ್ತನ್ನು ಬರೆದಿಡಿರಿ. ಎರಡೂ ನಿಧಾನವಾದರೆ ದೋಷವು ತೊಟ್ಟಿಯಲ್ಲಿ, ಇಲ್ಲವೆ ಎರಡಕ್ಕೂ ಸಮಾನವಾದ ಕೊಳವೆಯಲ್ಲಿದೆ. ಬಿಸಿನೀರು ಮಾತ್ರ ನಿಧಾನವಾದರೆ, ಮನೆಯ ಬೇರೆ ಬಿಸಿನೀರಿನ ನಲ್ಲಿಗಳನ್ನೂ ನೋಡಿರಿ. ಒಂದೇ ನಲ್ಲಿಯಲ್ಲಿ ಕೊರತೆಯಿದ್ದರೆ ಅದರ ಬಾಯಿಯ ಜರಡಿಯು ಕಟ್ಟಿರಬಹುದು. ಎಲ್ಲ ನಲ್ಲಿಗಳಲ್ಲಿಯೂ ಇದ್ದರೆ ಪೀಪಾಯಿಯ ಕಡೆಗೆ ಹೋಗತಕ್ಕದ್ದು.

ಬೆಳಿಗ್ಗೆ ತೊಟ್ಟಿಯು ತುಂಬಿದಾಗ ಬಿಸಿನೀರು ಚೆನ್ನಾಗಿ ಬಂದು, ಹೊತ್ತೇರಿದಂತೆ ಕುಗ್ಗಿ ನಿಂತು, ತಣ್ಣೀರು ಮಾತ್ರ ಬರುತ್ತಿದ್ದರೆ, ತಣ್ಣೀರಿನ ತೊಟ್ಟಿಯು ತಗ್ಗಿನಲ್ಲಿದೆಯೆಂದು ತಿಳಿಯಿರಿ. ಬಿಸಿನೀರು ಪೀಪಾಯಿಯ ಮೇಲುಭಾಗದಿಂದ ಹೊರಡುತ್ತದೆ. ತೊಟ್ಟಿಯ ನೀರು ಆ ಮಟ್ಟಕ್ಕಿಂತ ಇಳಿದೊಡನೆ ಅದನ್ನು ನೂಕುವ ಬಲವಿರುವುದಿಲ್ಲ. ತೊಟ್ಟಿಯ ತಳವು ಪೀಪಾಯಿಯ ನೆತ್ತಿಗಿಂತ ಮೇಲಿರಬೇಕು.

ನೀರು ಗುಡುಗುಡಿಸಿ, ಸಿಡಿದು, ನಡುನಡುವೆ ನಿಲ್ಲುತ್ತಿದ್ದರೆ ಕೊಳವೆಯಲ್ಲಿ ಗಾಳಿಯು ಸಿಕ್ಕಿದೆ. ತೊಟ್ಟಿಯನ್ನು ತೊಳೆದ ಮರುದಿನ ಇದು ಸಾಮಾನ್ಯ. ತೊಟ್ಟಿಯನ್ನು ಪೂರ್ಣ ತುಂಬಿಸಿ, ಎಲ್ಲಕ್ಕಿಂತ ಕೆಳಗಿನ ಬಿಸಿನೀರಿನ ನಲ್ಲಿಯನ್ನು ತುಸುಹೊತ್ತು ತೆರೆದಿಟ್ಟರೆ ಅನೇಕ ವೇಳೆ ಗಾಳಿಯು ಹೊರಟುಹೋಗುತ್ತದೆ. ಪದೇಪದೇ ಹೀಗಾದರೆ ಕೊಳವೆಯು ಎಲ್ಲಿಯೋ ಕಮಾನಿನಂತೆ ಏರಿ ಇಳಿದಿರಬೇಕು. ಅದನ್ನು ನೇರಮಾಡಿಸುವುದೇ ಪರಿಹಾರ. ಇಲ್ಲಿ ಒಂದು ಎಚ್ಚರಿಕೆ: ಗಾಜಿನ ಕೊಳವೆಗಳ ಯಂತ್ರವು ಬರಿದಾಗಿ ಬಿಸಿಲಿನಲ್ಲಿ ಕಾದಿರುವಾಗ ತಣ್ಣೀರನ್ನು ಬಿಡಲಾಗದು, ಗಾಜು ಒಡೆಯುವುದು. ನಸುಕಿನಲ್ಲಿ ಸೂರ್ಯನು ಏರುವ ಮೊದಲೇ ತುಂಬಿಸತಕ್ಕದ್ದು.

ರಭಸವು ತಿಂಗಳುಗಟ್ಟಲೆ ಸ್ವಲ್ಪಸ್ವಲ್ಪವಾಗಿ ಇಳಿದಿದ್ದರೆ ಸುಣ್ಣದ ಪದರವನ್ನು ಸಂಶಯಿಸಿರಿ. ಕೊಳವೆಬಾವಿಯ ಗಡಸು ನೀರು ಕಾದಾಗ, ಅದರಲ್ಲಿ ಕರಗಿದ್ದ ಸುಣ್ಣವು ಬೇರ್ಪಟ್ಟು ಒಳಗೋಡೆಗೆ ಅಂಟುತ್ತದೆ. ಷವರಿನ ಮುಖವನ್ನು ಬಿಚ್ಚಿ ನೋಡಿದರೆ ಬಿಳಿಯ ಹೊಪ್ಪಳೆಯೇ ಸಾಕ್ಷಿ. ಅದನ್ನು ನಿಂಬೆಯ ರಸದಲ್ಲಿಯೋ ವಿನೆಗರಿನಲ್ಲಿಯೋ ರಾತ್ರಿಯೆಲ್ಲ ನೆನೆಯಿಟ್ಟು ಉಜ್ಜಿದರೆ ರಂಧ್ರಗಳು ತೆರೆಯುತ್ತವೆ. ಕೊಳವೆಯ ಒಳಗೇ ಪದರ ಕಟ್ಟಿದ್ದರೆ ಮಿಸ್ತ್ರಿಯ ಕೆಲಸ.

ರಭಸವು ಹಠಾತ್ತಾಗಿ ಇಳಿದು, ಗೋಡೆಯಲ್ಲಿ ತೇವವು ಕಂಡರೆ ಸೋರಿಕೆಯನ್ನು ಹುಡುಕಬೇಕು. ರಾತ್ರಿ ತೊಟ್ಟಿಗೆ ನೀರು ಬರುವುದನ್ನೂ ನಲ್ಲಿಗಳನ್ನೂ ನಿಲ್ಲಿಸಿ, ನೀರಿನ ಮಟ್ಟಕ್ಕೆ ಗುರುತುಮಾಡಿ, ಬೆಳಿಗ್ಗೆ ನೋಡಿರಿ. ಚಳಿದೇಶಗಳಲ್ಲಿ ನೆಲೆಸಿರುವ ನಮ್ಮವರ ಮನೆಗಳಲ್ಲಿ, ಕೋಣೆಗಳನ್ನು ಬೆಚ್ಚಗಿಡುವ ಬಾಯ್ಲರಿಗೆ ಒತ್ತಡವನ್ನು ತೋರಿಸುವ ಮುಳ್ಳುಂಟು. ತಣ್ಣಗಿರುವಾಗ ಅದು ಸಾಮಾನ್ಯವಾಗಿ 1ರಿಂದ 1.5 ಬಾರ್ ತೋರಬೇಕು. ಮುಳ್ಳು ಇಳಿದಾಗಲೆಲ್ಲ ನೀರು ತುಂಬುತ್ತ ಹೋಗುವುದು ಚಿಕಿತ್ಸೆಯಲ್ಲ. ಹೊಸ ನೀರಿನೊಡನೆ ಪ್ರಾಣವಾಯುವು ಹೊಕ್ಕು ಕಬ್ಬಿಣವನ್ನು ತುಕ್ಕುಹಿಡಿಸುತ್ತದೆ. ಅಲ್ಲಿಯೂ ಸೋರುವ ಸ್ಥಳವನ್ನೇ ಹುಡುಕಬೇಕು.

ಕಟ್ಟಕಡೆಗೆ, ಪ್ರಾಣಾಪಾಯದ ಮಾತು. ಮಾಳಿಗೆಯ ಪೀಪಾಯಿಯ ನೆತ್ತಿಯಿಂದ ಮೇಲಕ್ಕೆದ್ದ ಉಸಿರುಗೊಳವೆಯುಂಟಷ್ಟೆ. ಅದರಿಂದ ನೀರು ತೊಟ್ಟಿಕ್ಕುತ್ತದೆಂದಾಗಲಿ, ಮುಚ್ಚಿದರೆ ರಭಸವು ಹೆಚ್ಚುವುದೆಂದಾಗಲಿ ಎಂದಿಗೂ ಬಿರಡೆ ಹಾಕಬಾರದು. ನೀರು ಹೊರಟಾಗ ಗಾಳಿಯು ಒಳಬರುವುದೂ, ಅತಿಯಾಗಿ ಕಾದಾಗ ಹಬೆಯು ಹೊರಹೋಗುವುದೂ ಆ ದಾರಿಯಿಂದಲೇ. ಅದನ್ನು ಮುಚ್ಚಿದರೆ ಪೀಪಾಯಿಯು ಒಳಕ್ಕೆ ಕುಸಿಯಬಹುದು, ಅಥವಾ ಸಿಡಿಯಬಹುದು. ವಿದ್ಯುತ್ತಿನ ಗೀಸರಿನ ರಕ್ಷಣಾ ವಾಲ್ವಿಗೂ ಇದೇ ಮಾತು. 20 ಡಿಗ್ರಿಯ 100 ಲೀಟರ್ ನೀರು 60 ಡಿಗ್ರಿಗೆ ಕಾದರೆ ಸುಮಾರು ಒಂದೂವರೆ ಲೀಟರಿನಷ್ಟು ಉಬ್ಬುತ್ತದೆ; ಕಾಯುವಾಗ ಬೀಳುವ ಹನಿಗಳು ಆ ಹೆಚ್ಚಳವೇ. ಕಾಯದಿರುವಾಗಲೂ ಎಡೆಬಿಡದೆ ಸೋರಿದರೆ ವಾಲ್ವನ್ನು ಬದಲಾಯಿಸಬೇಕೇ ಹೊರತು ಬಿಗಿಯಬಾರದು.

ಮಿಸ್ತ್ರಿಯು ಬಂದಾಗ, ಯಾವ ನಲ್ಲಿ, ಯಾವ ಹೊತ್ತು, ಬಕೀಟು ತುಂಬಲು ಎಷ್ಟು ನಿಮಿಷ, ಕೊರತೆಯು ಹಠಾತ್ತಾಗಿ ಬಂದಿತೋ ಮೆಲ್ಲಗೋ ಎಂಬ ನಾಲ್ಕು ಸಂಗತಿಗಳನ್ನು ಬರೆದುಕೊಡಿರಿ. ಆತನು ಗೋಡೆಯನ್ನು ಒಡೆಯುವ ಮೊದಲೇ ಎಲ್ಲಿ ಒಡೆಯಬೇಕಿಲ್ಲವೆಂಬುದು ಇಬ್ಬರಿಗೂ ತಿಳಿದಿರುತ್ತದೆ.