ಎಲೆಯ ಬಣ್ಣ, ಬೆಟ್ಟದ ಎತ್ತರ

ಅಕ್ಟೋಬರ್ ಬಂತೆಂದರೆ ಅಮೆರಿಕದಲ್ಲಿರುವ ನನ್ನ ಶಿಷ್ಯರು ಬಣ್ಣದ ಎಲೆಗಳನ್ನು ನೋಡಲು ‘ಅತ್ಯುತ್ತಮ ತಾಣ’ ಯಾವುದೆಂದು ಹುಡುಕತೊಡಗುತ್ತಾರೆ. ತಾಣಕ್ಕಿಂತ ಎತ್ತರವನ್ನು ಹುಡುಕಬೇಕೆಂಬುದು ನನ್ನ ಮತ. ವರ್ಜೀನಿಯಾದಿಂದ ಉತ್ತರ ಕೆರೊಲಿನಾದವರೆಗೆ 469 ಮೈಲಿ ಸಾಗುವ ಬ್ಲೂ ರಿಡ್ಜ್ ಪಾರ್ಕ್‌ವೇಯನ್ನೇ ನೋಡಿ. ಜೇಮ್ಸ್ ನದಿಯ ಬಳಿ ಸುಮಾರು 650 ಅಡಿ ಎತ್ತರದಲ್ಲಿರುವ ಈ ರಸ್ತೆ ರಿಚ್‌ಲ್ಯಾಂಡ್ ಬಾಲ್ಸಮ್‌ನಲ್ಲಿ 6,053 ಅಡಿಗೇರುತ್ತದೆ. ಬಣ್ಣವು ಮೊದಲು ತಂಪಾದ ಎತ್ತರಗಳಲ್ಲಿ ಮೂಡಿ, ವಾರವಾರವೂ ಕೆಳಗಿಳಿಯುತ್ತದೆ. (ಹಳದಿ ಎಲೆಯೊಳಗೆ ಮೊದಲೇ ಇದ್ದದ್ದು, ಹಸಿರು ಕರಗಿದಾಗ ಕಾಣುತ್ತದೆ, ಕೆಂಪು ಮಾತ್ರ ಹೊಸದಾಗಿ ಹುಟ್ಟುವುದು. ಮೇಷ್ಟರ ಚಾಳಿ, ಸಹಿಸಿಕೊಳ್ಳಿ!) ಮೇಲೆ ಎಲೆ ಉದುರಿದ್ದರೆ ಕೆಳಗಿಳಿದರಾಯಿತು. ವಯಸ್ಸಾದ ತಂದೆತಾಯಿಯರು ಊರಿನಿಂದ ಅಷ್ಟು ದೂರ ಬಂದಿರುವಾಗ, ಪ್ರಸಿದ್ಧ ತಾಣವೊಂದರ ಕಾರುಗಳ ಸಾಲಿನಲ್ಲಿ ಅವರ ದಿನವನ್ನು ಕಳೆಯಿಸುವುದು ತರವಲ್ಲ. 2024ರ ಹೆಲೀನ್ ಚಂಡಮಾರುತದಿಂದ ಈ ರಸ್ತೆ ಹಲವೆಡೆ ಹಾಳಾಯಿತು. ಹೊರಡುವ ಮುನ್ನ ಯಾವ ಭಾಗ ತೆರೆದಿದೆಯೆಂದು ವಿಚಾರಿಸಿಕೊಳ್ಳಿ.