ಎಡಚರಾದ ಸಿಪಾಯಿಗಳು

ಅಮೆರಿಕದ ಪಶ್ಚಿಮ ಗಡಿನಾಡಿನಲ್ಲಿ 1860-90ರ ನಡುವೆ ದುಡಿದ ಸಿಪಾಯಿಗಳ ಟಿನ್‌ಟೈಪ್ ಚಿತ್ರಗಳನ್ನು ಸಂಗ್ರಹಿಸುವವರು ಇಂದಿಗೂ ಉಂಟು. ಹೆಸರು ಹಾಗಿದ್ದರೂ ಅದರಲ್ಲಿ ತವರವಿಲ್ಲ. ಕಪ್ಪು ಮೆರುಗೆಣ್ಣೆ ಬಳಿದ ಕಬ್ಬಿಣದ ತಗಡಿನ ಮೇಲೆ ಬೆಳ್ಳಿಯ ಕಣಗಳಿಂದ ಮೂಡಿದ ಚಿತ್ರವದು. ಅದಕ್ಕೆ ನೆಗೆಟಿವ್ ಇಲ್ಲ. ಬೆಳಕು ಬಿದ್ದ ಪಕ್ಕದಿಂದಲೇ ನಾವು ಅದನ್ನು ನೋಡುವುದರಿಂದ, ಕನ್ನಡಿಯಲ್ಲಿ ಕಂಡಂತೆ ಎಡಬಲಗಳು ಅದಲುಬದಲಾಗಿರುತ್ತವೆ. ಸೊಂಟಪಟ್ಟಿಯ ಬಿಲ್ಲೆಯಲ್ಲಿ 'ಯು.ಎಸ್.' ಅಕ್ಷರಗಳು ತಿರುಗಿರುವುದನ್ನು ಗಮನಿಸದವರು ಸಿಪಾಯಿಯನ್ನು ಎಡಚನೆಂದು ಬಗೆಯುತ್ತಾರೆ. (ಬಿಲ್ಲಿ ದಿ ಕಿಡ್ ಎಂಬ ಪುಂಡನಿಗೂ ಬಹುಕಾಲ ಇದೇ ಗತಿಯಾಗಿತ್ತು!) ಮುದ್ರಿಸುವಾಗ ಚಿತ್ರವನ್ನು ಸದ್ದಿಲ್ಲದೆ ತಿರುಗಿಸುವುದು ನಮಗೆ ಒಪ್ಪಿಗೆಯಲ್ಲ. ತಿರುಗಿಸಲಿ, ತಿರುಗಿಸಿದೆವೆಂದು ಅಡಿಯಲ್ಲಿ ಬರೆಯಲಿ. ಇನ್ನು ತಗಡನ್ನೇ ಉಜ್ಜಿ ಬೆಳಗಹೊರಡುವವರಿಗೆ ಏನೆನ್ನೋಣ? ಆ ಸಿಪಾಯಿಯ ಮುಖ ಉಳಿದಿರುವುದು ಬಹುಶಃ ಅದೊಂದೇ ತಗಡಿನಲ್ಲಿ.