ಸರಕು ಮತ್ತು ಸೇವಾ ತೆರಿಗೆ ವಿಧೇಯಕ: ಗುಣದೋಷಗಳ ವಿವೇಚನೆ

ಪೀಠಿಕೆ

ಸ್ವತಂತ್ರ ಭಾರತದ ಪರೋಕ್ಷ ತೆರಿಗೆಗಳ ಇತಿಹಾಸದಲ್ಲಿ ಸಂವಿಧಾನದ (122ನೇ ತಿದ್ದುಪಡಿ) ವಿಧೇಯಕ, 2014ರಷ್ಟು ದೀರ್ಘಕಾಲ ಚರ್ಚೆಗೊಳಗಾದ ವಿಧೇಯಕಗಳು ವಿರಳ. ಈ ವಿಧೇಯಕವು 2016ರಲ್ಲಿ 101ನೇ ತಿದ್ದುಪಡಿ ಅಧಿನಿಯಮವಾಗಿ ರೂಪುಗೊಂಡು, ಅದರ ಆಧಾರದ ಮೇಲೆ 2017ರ ಜುಲೈ 1ರಿಂದ ದೇಶದಾದ್ಯಂತ ಸರಕು ಮತ್ತು ಸೇವಾ ತೆರಿಗೆ ಜಾರಿಗೆ ಬಂದಿತು. ಸುಧಾರಣೆಯ ಅಗತ್ಯವಿದೆಯೆಂಬುದನ್ನು ಬಹುತೇಕ ಎಲ್ಲರೂ ಒಪ್ಪಿದ್ದರು. ಆದರೆ ಅದರ ಬೆಲೆಯನ್ನು ಯಾರು ತೆರಬೇಕು ಎಂಬ ಪ್ರಶ್ನೆಯ ಬಗ್ಗೆ ಒಮ್ಮತವಿರಲಿಲ್ಲ. ಆಗ ಎತ್ತಲಾದ ಆಕ್ಷೇಪಣೆಗಳಲ್ಲಿ ಕೆಲವು ನಿರಾಧಾರವೆಂದು ಕಂಡುಬಂದರೆ, ಮತ್ತೆ ಕೆಲವು ಮುಂದೆ ನಿಜವಾದವು. ಸಾರ್ವಜನಿಕರ ತಿಳಿವಳಿಕೆಗಾಗಿ ಎರಡೂ ಪಕ್ಷಗಳ ವಾದಗಳನ್ನು ಇಲ್ಲಿ ಪರಿಶೀಲಿಸಲಾಗಿದೆ.

ವಿಧೇಯಕದ ಹಿನ್ನೆಲೆ

ಸಂವಿಧಾನದ ಮೂಲ ಏರ್ಪಾಡಿನಂತೆ ಸರಕುಗಳ ತಯಾರಿಕೆಯ ಮೇಲೆ ಅಬಕಾರಿ ಸುಂಕ ವಿಧಿಸುವ ಅಧಿಕಾರವು ಕೇಂದ್ರಕ್ಕೂ, ಸರಕುಗಳ ಮಾರಾಟದ ಮೇಲೆ ತೆರಿಗೆ ವಿಧಿಸುವ ಅಧಿಕಾರವು ರಾಜ್ಯಗಳಿಗೂ ಸೇರಿತ್ತು. 1994ರಿಂದ ಕೇಂದ್ರವು ಸೇವೆಗಳ ಮೇಲೆಯೂ ತೆರಿಗೆ ವಿಧಿಸತೊಡಗಿತು. 2005ರ ಏಪ್ರಿಲ್ 1ರಿಂದ ಕರ್ನಾಟಕವೂ ಸೇರಿದಂತೆ ಅನೇಕ ರಾಜ್ಯಗಳು ಹಳೆಯ ಮಾರಾಟ ತೆರಿಗೆಯ ಬದಲು ಮೌಲ್ಯವರ್ಧಿತ ತೆರಿಗೆಯನ್ನು ಜಾರಿಗೊಳಿಸಿದವು. ರಾಜ್ಯದೊಳಗಿನ ವಹಿವಾಟಿನಲ್ಲಿ ತೆರಿಗೆಯ ಮೇಲೆ ತೆರಿಗೆ ಬೀಳುವುದು ಇದರಿಂದ ಬಹುಮಟ್ಟಿಗೆ ತಪ್ಪಿತಾದರೂ, ಕೇಂದ್ರದ ಸುಂಕ ಮತ್ತು ರಾಜ್ಯದ ತೆರಿಗೆಗಳ ನಡುವಿನ ಗೋಡೆ ಹಾಗೆಯೇ ಉಳಿಯಿತು.

ಏಕರೂಪದ ತೆರಿಗೆಯನ್ನು 2010ರ ಏಪ್ರಿಲ್ 1ರಿಂದ ಜಾರಿಗೆ ತರುವ ಉದ್ದೇಶವನ್ನು 2006ರ ಕೇಂದ್ರ ಆಯವ್ಯಯ ಭಾಷಣದಲ್ಲಿ ಪ್ರಕಟಿಸಲಾಯಿತು. ರಾಜ್ಯ ಹಣಕಾಸು ಸಚಿವರ ಉನ್ನತಾಧಿಕಾರ ಸಮಿತಿಯು 2009ರ ನವೆಂಬರ್‌ನಲ್ಲಿ ಮೊದಲ ಚರ್ಚಾ ಪತ್ರವನ್ನು ಹೊರತಂದಿತು. 2011ರಲ್ಲಿ ಮಂಡಿಸಲಾದ 115ನೇ ತಿದ್ದುಪಡಿ ವಿಧೇಯಕವು 15ನೇ ಲೋಕಸಭೆಯ ವಿಸರ್ಜನೆಯೊಂದಿಗೆ ವ್ಯಪಗತವಾಯಿತು. 2014ರ ಡಿಸೆಂಬರ್ 19ರಂದು ಆಗಿನ ಕೇಂದ್ರ ಹಣಕಾಸು ಸಚಿವರಾದ ಶ್ರೀ ಅರುಣ್ ಜೇಟ್ಲಿಯವರು ಹೊಸ ವಿಧೇಯಕವನ್ನು ಮಂಡಿಸಿದರು. 2015ರ ಮೇ 6ರಂದು ಲೋಕಸಭೆಯು ಅದನ್ನು ಅಂಗೀಕರಿಸಿತು. ರಾಜ್ಯಸಭೆಯು ಅದನ್ನು ಆಯ್ಕೆ ಸಮಿತಿಗೆ ಒಪ್ಪಿಸಿ, ತಿದ್ದುಪಡಿಗಳೊಂದಿಗೆ 2016ರ ಆಗಸ್ಟ್ 3ರಂದು ಅಂಗೀಕರಿಸಿತು. ಅರ್ಧಕ್ಕಿಂತ ಹೆಚ್ಚು ರಾಜ್ಯಗಳ ವಿಧಾನ ಮಂಡಲಗಳು ಅನುಸಮರ್ಥಿಸಿದ ತರುವಾಯ 2016ರ ಸೆಪ್ಟೆಂಬರ್ 8ರಂದು ರಾಷ್ಟ್ರಪತಿಯವರ ಅಂಕಿತ ದೊರೆಯಿತು.

ಪರವಾದ ವಾದಗಳು

ಮೊದಲನೆಯ ಹಾಗೂ ಅತ್ಯಂತ ಬಲವಾದ ವಾದವು ತೆರಿಗೆಯ ಮೇಲಿನ ತೆರಿಗೆಗೆ ಸಂಬಂಧಿಸಿದ್ದು. ಇದನ್ನು ಒಂದು ಸರಳ ಲೆಕ್ಕದಿಂದ ತಿಳಿಯಬಹುದು. ಕಾರ್ಖಾನೆಯಲ್ಲಿ 100 ರೂಪಾಯಿ ಬೆಲೆಯ ಒಂದು ಸರಕಿನ ಮೇಲೆ 2016ರಲ್ಲಿದ್ದ ಶೇ. 12.5ರ ಅಬಕಾರಿ ಸುಂಕ ಸೇರಿದರೆ ಬೆಲೆ 112.50 ರೂ. ಆಗುತ್ತಿತ್ತು. ಕರ್ನಾಟಕದಲ್ಲಿ ಆಗ ಇದ್ದ ಶೇ. 14.5ರ ಮೌಲ್ಯವರ್ಧಿತ ತೆರಿಗೆಯನ್ನು 100 ರೂಪಾಯಿಯ ಮೇಲಲ್ಲ, 112.50 ರೂಪಾಯಿಯ ಮೇಲೆ ಲೆಕ್ಕ ಹಾಕಲಾಗುತ್ತಿತ್ತು. ವ್ಯಾಪಾರಿಯ ಲಾಭವನ್ನು ಬಿಟ್ಟು ಲೆಕ್ಕ ಹಾಕಿದರೂ ಗ್ರಾಹಕನು ತೆರುತ್ತಿದ್ದ ಮೊತ್ತ 128.81 ರೂ. ಇದರಲ್ಲಿ 1.81 ರೂ. ಸುಂಕದ ಮೇಲೆ ಬಿದ್ದ ತೆರಿಗೆಯೇ ಹೊರತು ಸರಕಿನ ಮೇಲಿನದಲ್ಲ.

ಅದೇ ಸರಕನ್ನು ದಾವಣಗೆರೆಯ ವ್ಯಾಪಾರಿಯೊಬ್ಬನು ನೆರೆಯ ರಾಜ್ಯದಿಂದ ತರಿಸಿದ್ದರೆ ಶೇ. 2ರ ಕೇಂದ್ರ ಮಾರಾಟ ತೆರಿಗೆಯೂ ಸೇರುತ್ತಿತ್ತು. ಆ ತೆರಿಗೆಯನ್ನು ಮುಂದಿನ ತೆರಿಗೆಯಲ್ಲಿ ಹೊಂದಾಣಿಕೆ ಮಾಡಿಕೊಳ್ಳಲು ಅವಕಾಶವಿರಲಿಲ್ಲ. ಆಗ ಬೆಲೆ 131.39 ರೂಪಾಯಿಗೆ ಏರುತ್ತಿತ್ತು. ಗಡಿ ದಾಟಿತೆಂಬ ಒಂದೇ ಕಾರಣಕ್ಕೆ ಸರಕು ದುಬಾರಿಯಾಗುತ್ತಿತ್ತು. ಹೊಸ ವ್ಯವಸ್ಥೆಯಲ್ಲಿ, ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ಎಂದು ವ್ಯಾಪಾರಿಗಳು ಕರೆಯುವ ತೆರಿಗೆ ಜಮೆಯು ತಯಾರಕನಿಂದ ಚಿಲ್ಲರೆ ಅಂಗಡಿಯವರೆಗೆ ರಾಜ್ಯದ ಗಡಿಯನ್ನು ದಾಟಿಯೂ ಮುಂದುವರಿಯುತ್ತದೆ.

ಎರಡನೆಯ ವಾದವು ಸರಳತೆಗೆ ಸಂಬಂಧಿಸಿದ್ದು. ಕೇಂದ್ರೀಯ ಅಬಕಾರಿ ಸುಂಕ, ಸೇವಾ ತೆರಿಗೆ, ಮೌಲ್ಯವರ್ಧಿತ ತೆರಿಗೆ, ಕೇಂದ್ರ ಮಾರಾಟ ತೆರಿಗೆ, ಪ್ರವೇಶ ತೆರಿಗೆ, ವಿಲಾಸ ತೆರಿಗೆ ಮೊದಲಾದವು ಒಂದೇ ತೆರಿಗೆಯಲ್ಲಿ ವಿಲೀನವಾದವು. ಕರ್ನಾಟಕದ ಮಟ್ಟಿಗೆ 1979ರ ಸರಕುಗಳ ಪ್ರವೇಶ ತೆರಿಗೆ ಅಧಿನಿಯಮ ಮತ್ತು ವಿಲಾಸ ತೆರಿಗೆ ಅಧಿನಿಯಮಗಳ ಹೊರೆ ವರ್ತಕರ ಮೇಲಿಂದ ಇಳಿಯಿತು.

ಮೂರನೆಯದಾಗಿ, ಖರೀದಿದಾರನಿಗೆ ಜಮೆ ದೊರೆಯಬೇಕಾದರೆ ಮಾರಾಟಗಾರನು ಬಿಲ್ಲು ನೀಡಿ ತೆರಿಗೆ ಪಾವತಿಸಬೇಕಾಗುತ್ತದೆ. ಹೀಗೆ ಒಬ್ಬರ ಲೆಕ್ಕವನ್ನು ಮತ್ತೊಬ್ಬರ ಲೆಕ್ಕವೇ ಪರಿಶೀಲಿಸುವುದರಿಂದ ತೆರಿಗೆ ತಪ್ಪಿಸುವುದು ಕಷ್ಟವಾಗುವುದೆಂದು ಬೆಂಬಲಿಗರು ವಾದಿಸಿದರು.

ವಿರೋಧವಾದ ವಾದಗಳು

ವಿಧೇಯಕಕ್ಕೆ ಬಂದ ಆಕ್ಷೇಪಣೆಗಳಲ್ಲಿ ಗಂಭೀರವಾದುದು ರಾಜ್ಯಗಳ ಆರ್ಥಿಕ ಸ್ವಾಯತ್ತತೆಯ ಪ್ರಶ್ನೆ. ಮಾರಾಟ ತೆರಿಗೆಯು ರಾಜ್ಯಗಳ ಸ್ವಂತ ತೆರಿಗೆ ರಾಜಸ್ವದ ಬೆನ್ನೆಲುಬಾಗಿತ್ತು. ಬರಗಾಲ ಬಂದಾಗ ದರವನ್ನು ಏರಿಸುವುದಾಗಲಿ, ಸ್ಥಳೀಯ ಉದ್ಯಮವೊಂದಕ್ಕೆ ನೆರವಾಗಲು ಇಳಿಸುವುದಾಗಲಿ ರಾಜ್ಯ ವಿಧಾನ ಮಂಡಲದ ಕೈಯಲ್ಲಿತ್ತು. ಹೊಸ ವ್ಯವಸ್ಥೆಯಲ್ಲಿ ದರಗಳನ್ನು ಶಿಫಾರಸು ಮಾಡುವ ಕಾರ್ಯವನ್ನು 279ಎ ಅನುಚ್ಛೇದದ ಮೇರೆಗೆ ಜಿಎಸ್‌ಟಿ ಮಂಡಳಿಗೆ ವಹಿಸಲಾಯಿತು.

ಮಂಡಳಿಯಲ್ಲಿ ಕೇಂದ್ರದ ಮತಕ್ಕೆ ಮೂರನೆಯ ಒಂದು ಭಾಗದ, ಎಲ್ಲ ರಾಜ್ಯಗಳ ಮತಗಳಿಗೆ ಒಟ್ಟಾಗಿ ಮೂರನೆಯ ಎರಡು ಭಾಗದ ತೂಕವಿದೆ. ನಿರ್ಣಯಕ್ಕೆ ಹಾಜರಿದ್ದು ಮತ ನೀಡಿದವರ ನಾಲ್ಕನೆಯ ಮೂರು ಭಾಗದಷ್ಟು ತೂಕದ ಬೆಂಬಲ ಬೇಕು. ಆದ್ದರಿಂದ ಕೇಂದ್ರವು ಒಪ್ಪದ ಯಾವ ನಿರ್ಣಯವೂ ಅಂಗೀಕಾರವಾಗಲಾರದು. ಇತ್ತ ಕೇಂದ್ರದ ಪ್ರಸ್ತಾವವನ್ನು ತಡೆಯಬೇಕಾದರೆ ಶಾಸನ ಸಭೆಯುಳ್ಳ ಕೇಂದ್ರಾಡಳಿತ ಪ್ರದೇಶಗಳೂ ಸೇರಿ 31 ಸದಸ್ಯ ರಾಜ್ಯಗಳೆಲ್ಲವೂ ಮತ ನೀಡಿದಾಗ ಕನಿಷ್ಠ 12 ರಾಜ್ಯಗಳು ಒಟ್ಟುಗೂಡಬೇಕು. ಅಲ್ಲದೆ ತೆರಿಗೆ ಸಂಗ್ರಹವು ದೊಡ್ಡದಿರಲಿ, ಚಿಕ್ಕದಿರಲಿ, ಪ್ರತಿ ರಾಜ್ಯಕ್ಕೂ ಒಂದೇ ತೂಕದ ಮತ. ಕರ್ನಾಟಕದಂತಹ ರಾಜ್ಯವು ಒಂಟಿಯಾಗಿ ಯಾವುದನ್ನೂ ತಡೆಯಲಾಗದು. ಈ ಏರ್ಪಾಡಿಗೆ ಸಮರ್ಥನೆಯೂ ಇತ್ತು. ಕೇಂದ್ರವು ಸಹ ತನ್ನ ಅಬಕಾರಿ ಸುಂಕ ಮತ್ತು ಸೇವಾ ತೆರಿಗೆಯ ಅಧಿಕಾರವನ್ನು ಇದೇ ಮಂಡಳಿಯ ಮುಂದಿಟ್ಟಿದ್ದು, ಕನಿಷ್ಠ 20 ರಾಜ್ಯಗಳ ಬೆಂಬಲವಿಲ್ಲದೆ ತಾನು ಬಯಸಿದ ನಿರ್ಣಯವನ್ನು ಪಡೆಯಲಾರದು.

ಎರಡನೆಯ ಆಕ್ಷೇಪಣೆ ತಯಾರಿಕಾ ರಾಜ್ಯಗಳದು. ಹೊಸ ತೆರಿಗೆಯು ಸರಕು ಎಲ್ಲಿ ತಯಾರಾಯಿತೋ ಆ ರಾಜ್ಯಕ್ಕಲ್ಲ, ಎಲ್ಲಿ ಬಳಕೆಯಾಯಿತೋ ಆ ರಾಜ್ಯಕ್ಕೆ ಸಲ್ಲುತ್ತದೆ. ತಮಿಳುನಾಡು ಈ ಕಾರಣಕ್ಕಾಗಿ ಕೊನೆಯವರೆಗೂ ಆಕ್ಷೇಪಿಸಿತು. ಇಂತಹ ರಾಜ್ಯಗಳ ಸಮಾಧಾನಕ್ಕಾಗಿ ಅಂತರ ರಾಜ್ಯ ಪೂರೈಕೆಯ ಮೇಲೆ ಶೇ. 1ರ ಹೆಚ್ಚುವರಿ ತೆರಿಗೆಯನ್ನು ಮೂಲ ವಿಧೇಯಕದಲ್ಲಿ ಸೇರಿಸಲಾಗಿತ್ತು. ಆದರೆ ಇದು ಸುಧಾರಣೆಯ ಮೂಲ ಉದ್ದೇಶಕ್ಕೇ ವಿರುದ್ಧವಾಗಿದ್ದುದರಿಂದ 2016ರಲ್ಲಿ ಕೈಬಿಡಲಾಯಿತು.

ಮೂರನೆಯದು ದರದ ಮಿತಿ. ಗರಿಷ್ಠ ದರ ಶೇ. 18 ಎಂದು ಸಂವಿಧಾನದಲ್ಲೇ ನಮೂದಿಸಬೇಕೆಂದು ಆಗಿನ ಪ್ರಮುಖ ವಿರೋಧ ಪಕ್ಷವು ಒತ್ತಾಯಿಸಿತು. ಪರೋಕ್ಷ ತೆರಿಗೆಯು ಬಡವ, ಬಲ್ಲಿದ ಎಂಬ ಭೇದವಿಲ್ಲದೆ ಎಲ್ಲರ ಮೇಲೂ ಒಂದೇ ದರದಲ್ಲಿ ಬೀಳುವುದರಿಂದ ಈ ಬೇಡಿಕೆಯಲ್ಲಿ ಹುರುಳಿತ್ತು. ಆದರೆ ದರವನ್ನು ಸಂವಿಧಾನದಲ್ಲಿ ಬರೆದರೆ ತುರ್ತು ಸಂದರ್ಭದಲ್ಲಿ ಬದಲಿಸಲು ಮತ್ತೊಂದು ತಿದ್ದುಪಡಿಯೇ ಬೇಕಾಗುವುದೆಂಬ ಕಾರಣದಿಂದ ಅದನ್ನು ಒಪ್ಪಲಿಲ್ಲ. 2017ರಲ್ಲಿ ಶೇ. 5, 12, 18 ಮತ್ತು 28ರ ನಾಲ್ಕು ಮುಖ್ಯ ದರಗಳು ಜಾರಿಗೆ ಬಂದಾಗ, ಸರಳತೆಯ ವಾದವು ಬಹುಪಾಲು ದುರ್ಬಲವಾಯಿತು.

ಪರಿಹಾರದ ಪ್ರಶ್ನೆ: ಒಂದು ಪದದ ಬೆಲೆ

ಈ ಹಿಂದೆ ಕೇಂದ್ರ ಮಾರಾಟ ತೆರಿಗೆಯ ದರವನ್ನು ಶೇ. 4ರಿಂದ 2007ರಲ್ಲಿ ಶೇ. 3ಕ್ಕೂ, 2008ರಲ್ಲಿ ಶೇ. 2ಕ್ಕೂ ಇಳಿಸಿದಾಗ ಆದ ನಷ್ಟದ ಪರಿಹಾರವು ಬಾಕಿ ಉಳಿದಿತ್ತೆಂಬುದು ರಾಜ್ಯಗಳ ಅಸಮಾಧಾನಕ್ಕೆ ಕಾರಣವಾಗಿತ್ತು. ಆದ್ದರಿಂದ ಹೊಸ ವಿಧೇಯಕದ ಪರಿಹಾರ ಖಂಡವನ್ನು ರಾಜ್ಯಗಳು ಸೂಕ್ಷ್ಮವಾಗಿ ಗಮನಿಸಿದವು. 2014ರ ಮೂಲ ಪಾಠದಲ್ಲಿ ಸಂಸತ್ತು ಐದು ವರ್ಷಗಳವರೆಗೆ ವಿಸ್ತರಿಸಬಹುದಾದ ಅವಧಿಗೆ ಪರಿಹಾರ ‘ಒದಗಿಸಬಹುದು’ ಎಂಬ ಅರ್ಥವಿತ್ತು. 2016ರ ತಿದ್ದುಪಡಿಯಲ್ಲಿ ಅದು ಐದು ವರ್ಷಗಳ ಅವಧಿಗೆ ‘ಒದಗಿಸತಕ್ಕದ್ದು’ ಎಂದಾಯಿತು. ರಾಜ್ಯಗಳ ಒಪ್ಪಿಗೆಗೆ ಈ ಬದಲಾವಣೆಯು ಬಹುಮಟ್ಟಿಗೆ ಸಹಾಯಕವಾಯಿತು. 2015-16ನ್ನು ಆಧಾರ ವರ್ಷವಾಗಿಟ್ಟುಕೊಂಡು ವರ್ಷಕ್ಕೆ ಶೇ. 14ರ ಬೆಳವಣಿಗೆಯನ್ನು 2017ರ ಪರಿಹಾರ ಅಧಿನಿಯಮವು ಖಾತರಿಪಡಿಸಿತು.

ಆದರೆ ಪರಿಹಾರದ ಹಣ ಬರಬೇಕಾದುದು ಕೆಲವು ಸರಕುಗಳ ಮೇಲಿನ ಮೇಲ್ತೆರಿಗೆಯಿಂದ ರಚಿತವಾದ ನಿಧಿಯಿಂದ. 2020ರಲ್ಲಿ ಕೋವಿಡ್ ಸಾಂಕ್ರಾಮಿಕದಿಂದ ವ್ಯಾಪಾರ ಸ್ಥಗಿತಗೊಂಡಾಗ, ರಾಜ್ಯಗಳ ನಷ್ಟ ಏರಿದ ಸಮಯದಲ್ಲೇ ನಿಧಿಯೂ ಬರಿದಾಯಿತು. ನಿಧಿಯಲ್ಲಿ ಹಣವಿಲ್ಲದಿದ್ದರೆ ಕೊರತೆಯನ್ನು ಯಾರು ಭರಿಸಬೇಕು ಎಂಬುದಕ್ಕೆ ಸ್ಪಷ್ಟ ಉತ್ತರವು ಅಧಿನಿಯಮದಲ್ಲಿ ಇರಲಿಲ್ಲ. ಕೊನೆಗೆ ಕೇಂದ್ರವು 2020-21ರಲ್ಲಿ 1.1 ಲಕ್ಷ ಕೋಟಿ ರೂ. ಹಾಗೂ 2021-22ರಲ್ಲಿ 1.59 ಲಕ್ಷ ಕೋಟಿ ರೂ. ಸಾಲ ಪಡೆದು ರಾಜ್ಯಗಳಿಗೆ ನೀಡಿತು. ಆ ಸಾಲವನ್ನು ತೀರಿಸುವ ಸಲುವಾಗಿ ಮೇಲ್ತೆರಿಗೆಯ ಅವಧಿಯನ್ನು ವಿಸ್ತರಿಸಲಾಯಿತು. ಹೀಗೆ ಪರಿಹಾರದ ಭಾರವು ಕೊನೆಗೆ ಗ್ರಾಹಕನ ಮೇಲೆಯೇ ಬಿದ್ದಿತು. 2022ರ ಜೂನ್ 30ಕ್ಕೆ ಪರಿಹಾರದ ಅವಧಿ ಮುಗಿಯಿತು.

ಹೊರಗುಳಿದ ಸರಕುಗಳು

ಮಾನವ ಸೇವನೆಯ ಮದ್ಯವನ್ನು ಸಂವಿಧಾನದ ವ್ಯಾಖ್ಯೆಯಲ್ಲಿಯೇ ಈ ತೆರಿಗೆಯಿಂದ ಹೊರಗಿಡಲಾಗಿದೆ. ಕಚ್ಚಾ ತೈಲ, ಪೆಟ್ರೋಲ್, ಡೀಸೆಲ್, ನೈಸರ್ಗಿಕ ಅನಿಲ ಮತ್ತು ವಿಮಾನ ಇಂಧನಗಳನ್ನು ಮಂಡಳಿಯು ಶಿಫಾರಸು ಮಾಡುವ ದಿನದಿಂದ ಸೇರಿಸಬಹುದು. ತಮ್ಮ ಕೈಯಲ್ಲಿ ಉಳಿದಿರುವ ಕೆಲವೇ ದೊಡ್ಡ ತೆರಿಗೆ ಮೂಲಗಳು ಇವೆಂಬುದು ರಾಜ್ಯಗಳ ನಿಲುವು. ಆದರೆ ಡೀಸೆಲ್ ಮೇಲೆ ತೆತ್ತ ತೆರಿಗೆಗೆ ಜಮೆ ದೊರೆಯದ ಕಾರಣ, ಸಾಗಾಣಿಕೆಯ ವೆಚ್ಚದಲ್ಲಿ ತೆರಿಗೆಯ ಮೇಲಿನ ತೆರಿಗೆ ಅಷ್ಟರಮಟ್ಟಿಗೆ ಉಳಿದುಕೊಂಡಿತು. ಸುಧಾರಣೆಯ ಪೂರ್ಣತೆ ಮತ್ತು ರಾಜ್ಯಗಳ ಸ್ವಾಯತ್ತತೆ ಒಂದಕ್ಕೊಂದು ಎದುರಾಗುವುದು ಇಲ್ಲಿಯೇ.

ನಂತರದ ಬೆಳವಣಿಗೆಗಳು

ಮಂಡಳಿಯ ಶಿಫಾರಸುಗಳು ಸಂಸತ್ತನ್ನಾಗಲಿ ರಾಜ್ಯ ವಿಧಾನ ಮಂಡಲಗಳನ್ನಾಗಲಿ ಕಡ್ಡಾಯವಾಗಿ ಬಂಧಿಸುವುದಿಲ್ಲ, ಅವುಗಳಿಗೆ ಮನವೊಲಿಸುವ ಮೌಲ್ಯ ಮಾತ್ರ ಇದೆ ಎಂದು ಸರ್ವೋಚ್ಚ ನ್ಯಾಯಾಲಯವು ಮೋಹಿತ್ ಮಿನರಲ್ಸ್ ಪ್ರಕರಣದಲ್ಲಿ 2022ರ ಮೇ 19ರಂದು ತೀರ್ಪು ನೀಡಿತು. ಸ್ವಾಯತ್ತತೆಯ ಬಗ್ಗೆ ಕಳವಳ ವ್ಯಕ್ತಪಡಿಸಿದ್ದವರಿಗೆ ಇದು ಸಮಾಧಾನ ನೀಡಿತಾದರೂ, ಒಂದು ರಾಜ್ಯವು ಪ್ರತ್ಯೇಕ ದರ ವಿಧಿಸಿದರೆ ಜಮೆಯ ಸರಪಳಿಯೇ ಕಡಿದುಹೋಗುವ ಕಾರಣ ಆ ಸ್ವಾತಂತ್ರ್ಯವನ್ನು ಬಳಸುವುದು ಸುಲಭವಲ್ಲ.

2025ರ ಸೆಪ್ಟೆಂಬರ್ 22ರಿಂದ ಶೇ. 12 ಮತ್ತು 28ರ ದರಗಳನ್ನು ಕೈಬಿಟ್ಟು ಶೇ. 5 ಮತ್ತು 18ರ ಎರಡು ಮುಖ್ಯ ದರಗಳನ್ನೂ, ಆಯ್ದ ಸರಕುಗಳಿಗೆ ಶೇ. 40ರ ವಿಶೇಷ ದರವನ್ನೂ ಜಾರಿಗೊಳಿಸಲಾಯಿತು. 2016ರಲ್ಲಿ ಕೇಳಿಬಂದ ಸರಳ ದರದ ಬೇಡಿಕೆಯು ಹೀಗೆ ಒಂಬತ್ತು ವರ್ಷಗಳ ನಂತರ ಭಾಗಶಃ ಈಡೇರಿತು. ಅದೇ ಸಂದರ್ಭದಲ್ಲಿ ಕರ್ನಾಟಕವೂ ಸೇರಿದಂತೆ ಎಂಟು ರಾಜ್ಯಗಳು ದರ ಇಳಿಕೆಯಿಂದ ಆಗುವ ನಷ್ಟಕ್ಕೆ ಪರಿಹಾರ ಕೋರಿದವು. ಹಳೆಯ ಪ್ರಶ್ನೆಯೇ ಹೊಸ ರೂಪದಲ್ಲಿ ಮರಳಿ ಬಂದಿತು.

ಉಪಸಂಹಾರ

ತೆರಿಗೆಯ ಮೇಲಿನ ತೆರಿಗೆಯನ್ನು ತಗ್ಗಿಸುವುದರಲ್ಲಿ ಹಾಗೂ ರಾಜ್ಯದ ಗಡಿಗಳನ್ನು ವ್ಯಾಪಾರಕ್ಕೆ ಅಡ್ಡಿಯಾಗದಂತೆ ಮಾಡುವುದರಲ್ಲಿ ವಿಧೇಯಕದ ಬೆಂಬಲಿಗರ ವಾದವು ಬಹುಮಟ್ಟಿಗೆ ಸರಿಯಾಗಿತ್ತು. ರಾಜ್ಯಗಳು ತಮ್ಮ ರಾಜಸ್ವದ ಮೇಲಿನ ಹಿಡಿತವನ್ನು ಕಳೆದುಕೊಳ್ಳುವುವೆಂಬ ವಿರೋಧಿಗಳ ಎಚ್ಚರಿಕೆಯೂ ಹುಸಿಯಾಗಲಿಲ್ಲ. ರಾಜ್ಯದ ಶಾಲೆ, ಆಸ್ಪತ್ರೆ, ರಸ್ತೆ ಮತ್ತು ನೀರಾವರಿ ಕಾಮಗಾರಿಗಳು ನಡೆಯುವುದು ಇದೇ ರಾಜಸ್ವದಿಂದ. ಆದ್ದರಿಂದ ತೆರಿಗೆ ಸುಧಾರಣೆಯ ಯಾವುದೇ ವಿಧೇಯಕವನ್ನು ಪರಿಶೀಲಿಸುವಾಗ ದರ ಎಷ್ಟು ಎಂಬುದರ ಜೊತೆಗೆ, ದರವನ್ನು ನಿರ್ಧರಿಸುವವರು ಯಾರು, ಕೊರತೆಯಾದರೆ ಭರಿಸುವವರು ಯಾರು ಎಂಬ ಎರಡು ಪ್ರಶ್ನೆಗಳನ್ನೂ ನಾಗರಿಕರು ಕೇಳುವುದು ಅವಶ್ಯಕ. ಈ ಪ್ರಶ್ನೆಗಳಿಗೆ ವಿಧೇಯಕದ ಪಾಠದಲ್ಲಿಯೇ ಸ್ಪಷ್ಟ ಉತ್ತರವಿರಬೇಕೆಂಬುದು 2020ರ ಅನುಭವದಿಂದ ತಿಳಿದುಬರುವ ಅಂಶವಾಗಿರುತ್ತದೆ.